ಶಿವರಾತ್ರಿ ಕಳೆಯುವವರೆಗೆ ಹಿತ್ತಲಲ್ಲಿ ಬೀಜ ಹಾಕಬಾರದೇ? ಚಳಿಗಾಲದ ಕೊನೆಯ ಕೈತೋಟದ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ಸಂಕ್ರಾಂತಿ ಮುಗಿದು ಬಿಸಿಲು ಸ್ವಲ್ಪ ಚುರುಕಾಗುತ್ತಿದ್ದಂತೆ ವಾಟ್ಸಾಪ್ ಗುಂಪುಗಳಲ್ಲಿ ಕೈತೋಟದ ಫಾರ್ವರ್ಡ್‌ಗಳು ಶುರುವಾಗುತ್ತವೆ. "ಶಿವರಾತ್ರಿ ಕಳೆಯುವವರೆಗೆ ತರಕಾರಿ ಬೀಜ ಹಾಕಬೇಡಿ, ಚಳಿಗೆ ಸುಟ್ಟುಹೋಗುತ್ತದೆ." "ರಾತ್ರಿ ಹೊತ್ತು ಸಸಿಗಳಿಗೆ ಪ್ಲಾಸ್ಟಿಕ್ ಹೊದಿಸಿ." "ಮಧ್ಯಾಹ್ನ ನೀರು ಹಾಕಿದರೆ ಹನಿಗಳು ಭೂತಗನ್ನಡಿಯಂತೆ ಎಲೆಯನ್ನು ಸುಡುತ್ತವೆ." "ಎಪ್ಸಂ ಸಾಲ್ಟ್ ಒಂದು ಚಮಚ ಹಾಕಿ, ಟೊಮೆಟೊ ಗೊಂಚಲು ಗೊಂಚಲು!" ಇವುಗಳಲ್ಲಿ ಕೆಲವು ಮನೆಯ ಹಿರಿಯರ ಮಾತುಗಳು, ಕೆಲವು ಹೊರದೇಶದ ವಿಡಿಯೊಗಳಿಂದ ಇಳಿದು ಬಂದವು. ಕೆಲವು ಪೂರ್ತಿ ತಪ್ಪು, ಕೆಲವು ಅರ್ಧ ಸತ್ಯ, ಒಂದೆರಡು ನಿಜಕ್ಕೂ ಒಳ್ಳೆಯವು.

ಇವನ್ನೆಲ್ಲ ಒಂದೇ ಊರಿನ ಹಿತ್ತಲಲ್ಲಿ ನಿಲ್ಲಿಸಿ ನೋಡೋಣ. ಚಾಮರಾಜನಗರ ತಾಲ್ಲೂಕಿನ ಕುದೇರನ್ನು ನಾವು ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳು ಕರ್ನಾಟಕದ ಕೃಷಿ ಹವಾಮಾನ ವಲಯಗಳ ಪೈಕಿ ದಕ್ಷಿಣ ಒಣ ವಲಯಕ್ಕೆ ಸೇರುತ್ತವೆ. ಒಂದು ಕಡೆ ನೀಲಗಿರಿ, ಬಂಡೀಪುರದ ಕಾಡು, ಇನ್ನೊಂದು ಕಡೆ ಬಯಲು. ಕಬ್ಬು, ಅರಿಸಿನ, ಬಾಳೆ, ಟೊಮೆಟೊ ಬೆಳೆಯುವ ನಾಡು ಇದು. ಹಿತ್ತಲಲ್ಲಿ ನಾಲ್ಕು ಮಡಿ ಸೊಪ್ಪು, ನಾಲ್ಕು ಬಳ್ಳಿ ಹೀರೆ ಇಲ್ಲಿನ ಮನೆಗಳಿಗೆ ಹೊಸತಲ್ಲ. ಆದರೆ ಫೆಬ್ರವರಿಯಲ್ಲಿ ತಪ್ಪು ಲೆಕ್ಕ ಹಾಕಿದರೆ ಬೀಜದ ಹಣದ ಜೊತೆಗೆ ಬೇಸಿಗೆಯ ಅಮೂಲ್ಯ ನೀರೂ ಮಣ್ಣುಪಾಲಾಗುತ್ತದೆ.

ಚುಟುಕಾಗಿ ಹೇಳುವುದಾದರೆ

ಕುದೇರಿನಂಥ ಬಯಲಿನ ಊರಲ್ಲಿ ಚಳಿಗಾಲದ ಕೊನೆಯಲ್ಲಿ ತರಕಾರಿ ಗಿಡಕ್ಕೆ ದೊಡ್ಡ ಶತ್ರು ಚಳಿಯಲ್ಲ. ಅದರ ಬೆನ್ನಿಗೇ ಬರುವ ಬಿಸಿಲು, ಮತ್ತು ನೀರಿನ ಕೊರತೆ. ಆದ್ದರಿಂದ ಚಳಿ ಹೋಗಲಿ ಎಂದು ಕಾಯುವುದಕ್ಕಿಂತ, ಬಿಸಿಲು ಏರುವ ಮುನ್ನ ಏನು ಮಾಡಬಹುದು ಎಂದು ಯೋಚಿಸುವುದು ಲಾಭ. ಎಲ್ಲ ಬೀಜಕ್ಕೂ ಒಂದೇ ದಿನಾಂಕ ಹೇಳುವ ಫಾರ್ವರ್ಡ್ ಯಾವುದೇ ಇರಲಿ, ಅದನ್ನು ಅನುಮಾನದಿಂದಲೇ ನೋಡಬೇಕು.

ಶಿವರಾತ್ರಿಗೆ ಚಳಿ ಓಡಿಹೋಗುತ್ತದೆಯೇ?

"ಶಿವರಾತ್ರಿ ಬಂದರೆ ಚಳಿ ಶಿವಶಿವಾ ಎಂದು ಓಡುತ್ತದೆ" ಎಂಬ ಮಾತು ಹಳೇ ಮೈಸೂರು ಭಾಗದಲ್ಲಿ ಎಲ್ಲರಿಗೂ ಗೊತ್ತು. ಇದು ಸುಳ್ಳಲ್ಲ. ಮೈಸೂರಿನ ದೀರ್ಘಾವಧಿ ಸರಾಸರಿ ನೋಡಿದರೆ ಜನವರಿಯಲ್ಲಿ ರಾತ್ರಿಯ ಕನಿಷ್ಠ ಉಷ್ಣತೆ ಸುಮಾರು 16 ಡಿಗ್ರಿ ಸೆಲ್ಸಿಯಸ್, ಫೆಬ್ರವರಿಯಲ್ಲಿ ಸುಮಾರು 18, ಮಾರ್ಚ್‌ನಲ್ಲಿ 20ರ ಆಸುಪಾಸು. ಹಗಲಿನ ಗರಿಷ್ಠ ಉಷ್ಣತೆ ಜನವರಿಯ 29ರಿಂದ ಮಾರ್ಚ್‌ನ 34ರವರೆಗೆ ಏರುತ್ತದೆ. ಚಾಮರಾಜನಗರದ ಬಯಲಿನಲ್ಲೂ ಕತೆ ಹೆಚ್ಚು ಕಡಿಮೆ ಇದೇ. ಅಂದರೆ ಶಿವರಾತ್ರಿಯ ಹೊತ್ತಿಗೆ ಚಳಿ ಕಡಿಮೆಯಾಗುವುದು ನಿಜ.

ತೊಂದರೆ ಇರುವುದು ಅದನ್ನು ಬಿತ್ತನೆಯ ದಿನಾಂಕವಾಗಿ ಮಾಡಿಕೊಂಡಾಗ. ಶಿವರಾತ್ರಿ ಚಾಂದ್ರಮಾನದ ಹಬ್ಬ, ಮಾಘ ಬಹುಳ ಚತುರ್ದಶಿ. ಚಂದ್ರನ ಹನ್ನೆರಡು ತಿಂಗಳು ಸೇರಿದರೆ 354 ದಿನ. ಸೂರ್ಯನ ವರ್ಷಕ್ಕಿಂತ ಇದು ಸುಮಾರು 11 ದಿನ ಕಡಿಮೆ. ಈ ಕೊರತೆ ತುಂಬಲು ಸುಮಾರು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬರುತ್ತದೆ. ಹೀಗಾಗಿ ಹಬ್ಬದ ದಿನ ಹಿಂದೆ ಮುಂದೆ ಓಡಾಡುತ್ತದೆ. ಶಿವರಾತ್ರಿ 2023ರಲ್ಲಿ ಫೆಬ್ರವರಿ 18ಕ್ಕೆ ಬಂದರೆ 2024ರಲ್ಲಿ ಮಾರ್ಚ್ 8ಕ್ಕೆ ಬಂತು. 2025ರಲ್ಲಿ ಫೆಬ್ರವರಿ 26, 2026ರಲ್ಲಿ ಫೆಬ್ರವರಿ 15. ಅತ್ತಿಂದಿತ್ತ ಮೂರು ವಾರದ ಅಂತರ. ಚಳಿಗೆ ಈ ಅಧಿಕ ಮಾಸದ ಲೆಕ್ಕ ಗೊತ್ತಿಲ್ಲ, ಅದು ಸೂರ್ಯನನ್ನು ಅನುಸರಿಸುತ್ತದೆ.

ನಮ್ಮ ಹಿರಿಯರು ಇದನ್ನು ಬಲ್ಲವರೇ ಆಗಿದ್ದರು. ಹೊಲದ ಬಿತ್ತನೆಗೆ ಅವರು ನೋಡುತ್ತಿದ್ದದ್ದು ಮಳೆ ನಕ್ಷತ್ರಗಳನ್ನು: ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ. ಈ ಲೆಕ್ಕ ಸೂರ್ಯನದು. ಅಶ್ವಿನಿ ಮಳೆ ಪ್ರತಿ ವರ್ಷವೂ ಏಪ್ರಿಲ್ 13-14ರ ಸುಮಾರಿಗೇ ಹುಟ್ಟುತ್ತದೆ, ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ಹಬ್ಬಕ್ಕೆ ಚಂದ್ರ, ಬೇಸಾಯಕ್ಕೆ ಸೂರ್ಯ ಎಂಬ ಈ ಎರಡು ಲೆಕ್ಕಗಳನ್ನು ಬೆರೆಸಿರುವುದು ಇಂದಿನ ಫಾರ್ವರ್ಡ್. ಗಾದೆ ಹೇಳಿದ್ದು ಕಂಬಳಿ ಮಡಿಸಿಡುವ ಹೊತ್ತನ್ನು, ಬೀಜ ಹಾಕುವ ದಿನವನ್ನಲ್ಲ.

ಕುದೇರಿನಲ್ಲಿ ಗಿಡ ಚಳಿಗೆ ಸುಡುತ್ತದೆಯೇ?

"ಕೊನೆಯ ಫ್ರಾಸ್ಟ್ ಕಳೆಯುವವರೆಗೆ ಕಾಯಿರಿ" ಎಂಬುದು ಇಂಗ್ಲೆಂಡ್, ಅಮೆರಿಕದ ತೋಟಗಾರಿಕೆ ವಿಡಿಯೊಗಳ ಮೊದಲ ಪಾಠ. ಅಲ್ಲಿ ಅದು ಸರಿ. ರಾತ್ರಿ ಉಷ್ಣತೆ ಸೊನ್ನೆ ಡಿಗ್ರಿಗೆ ಇಳಿದಾಗ ಎಲೆಯ ಮೇಲಿನ ಇಬ್ಬನಿ ಹೆಪ್ಪುಗಟ್ಟುತ್ತದೆ, ಎಲೆಯೊಳಗಿನ ನೀರೂ ಹೆಪ್ಪುಗಟ್ಟಿ ಜೀವಕೋಶಗಳು ಒಡೆಯುತ್ತವೆ. ಮರುದಿನ ಬಿಸಿಲಿಗೆ ಎಲೆ ಸುಟ್ಟಂತೆ ಕಪ್ಪಾಗುತ್ತದೆ. ಚಳಿಗೆ ಸುಡುವುದು ಎಂದರೆ ಇದೇ.

ನಮ್ಮ ಪಕ್ಕದಲ್ಲೇ ಇದು ನಡೆಯುತ್ತದೆ, ಆದರೆ ಊಟಿಯಲ್ಲಿ. ಡಿಸೆಂಬರ್-ಜನವರಿಯಲ್ಲಿ ಅಲ್ಲಿನ ಹುಲ್ಲುಗಾವಲು ಬೆಳ್ಳಗಾಗುವ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿದರೆ ಊಟಿ ದೂರವೇನಲ್ಲ, ಆದರೆ ಎತ್ತರ ಬೇರೆ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಮೇಲಿದೆ, ಚಾಮರಾಜನಗರದ ಬಯಲು ಸುಮಾರು 700 ಮೀಟರ್. ಪ್ರತಿ ಸಾವಿರ ಮೀಟರ್ ಮೇಲೇರಿದಂತೆ ಗಾಳಿ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಲೆಕ್ಕ ಹಾಕಿದರೆ ಊಟಿಗೂ ಕುದೇರಿಗೂ ಸುಮಾರು ಹತ್ತು ಡಿಗ್ರಿ ವ್ಯತ್ಯಾಸ. ಆ ಹತ್ತು ಡಿಗ್ರಿಯೇ ಇಲ್ಲಿನ ಟೊಮೆಟೊ ಸಸಿಯನ್ನು ಕಾಪಾಡುತ್ತಿದೆ. ಫೆಬ್ರವರಿಯಲ್ಲಿ ಇಲ್ಲಿ ನಮಗೆ ಶಾಲು ಬೇಕಾಗಬಹುದು, ಗಿಡಕ್ಕೆ ಬೇಡ.

ಹಾಗಾದರೆ ರಾತ್ರಿ ಪ್ಲಾಸ್ಟಿಕ್ ಹೊದಿಸುವುದು? ಇಲ್ಲಿ ಅದರಿಂದ ಲಾಭವಿಲ್ಲ, ನಷ್ಟವಿದೆ. ಬೆಳಿಗ್ಗೆ ತೆಗೆಯಲು ಮರೆತರೆ ಹತ್ತು ಗಂಟೆಯ ಹೊತ್ತಿಗೇ ಒಳಗೆ ಸೆಕೆ ತುಂಬಿ ಸಸಿ ಬೆಂದುಹೋಗುತ್ತದೆ. ತೆಗೆದರೂ ರಾತ್ರಿಯಿಡೀ ಒಳಗೆ ಕೂತ ತೇವ ಬೂಷ್ಟು ರೋಗಗಳಿಗೆ ಹಾಸಿಗೆಯಾಗುತ್ತದೆ.

ಅದೇ ಪ್ಲಾಸ್ಟಿಕ್‌ಗೆ ಈ ಕಾಲದಲ್ಲಿ ಬೇರೊಂದು ಒಳ್ಳೆಯ ಕೆಲಸವಿದೆ. ಕಳೆದ ವರ್ಷ ಬದನೆ, ಟೊಮೆಟೊ ಗಿಡಗಳು ಸೊರಗಿ ಸತ್ತ ಮಡಿ ಇದ್ದರೆ ಅದನ್ನು ಖಾಲಿ ಬಿಡಿ. ಮಾರ್ಚ್‌ನಲ್ಲಿ ಅಗೆದು, ಚೆನ್ನಾಗಿ ನೀರು ಹಾಯಿಸಿ, ತೆಳುವಾದ ಪಾರದರ್ಶಕ ಹಾಳೆ ಹೊದಿಸಿ, ಅಂಚುಗಳಿಗೆ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಟ್ಟರೆ ಒಳಗಿನ ಬಿಸಿಗೆ ಅನೇಕ ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ. ಇಸ್ರೇಲ್‌ನ ವಿಜ್ಞಾನಿ ಯಾಕೋವ್ ಕಾಟನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಈ ವಿಧಾನವನ್ನು ಇಂದು ಬಿಸಿಲು ಹೆಚ್ಚಿರುವ ಅನೇಕ ದೇಶಗಳಲ್ಲಿ ಬಳಸುತ್ತಾರೆ.

ಹವೆ ಹೀಗೇಕೆ ಆಡುತ್ತದೆ?

ಈ ತಿಂಗಳುಗಳಲ್ಲಿ ಬೆಳಿಗ್ಗೆ ಚಳಿ, ಮಧ್ಯಾಹ್ನ ಉರಿ, ನಡುವೆ ಒಂದು ದಿನ ಮೋಡ, ಇನ್ನೊಂದು ದಿನ ದಿಢೀರ್ ಮಳೆ. ಇದಕ್ಕೆ ಕಾರಣ ಸರಳ. ಆಕಾಶ ತಿಳಿಯಾಗಿ ಗಾಳಿ ಒಣಗಿದ್ದರೆ ಹಗಲು ನೆಲ ಹೀರಿದ ಬಿಸಿಯೆಲ್ಲ ರಾತ್ರಿ ಮೇಲಕ್ಕೆ ಹೊರಟುಹೋಗುತ್ತದೆ, ಬೆಳಗಿನ ಜಾವ ಚಳಿ ಕೊರೆಯುತ್ತದೆ. ಮೋಡ ಬಂದರೆ ಅದು ಹೊದಿಕೆಯಂತೆ ಬಿಸಿಯನ್ನು ತಡೆಯುತ್ತದೆ, ರಾತ್ರಿ ಬೆಚ್ಚಗಾಗುತ್ತದೆ. ಬಂಗಾಳ ಕೊಲ್ಲಿಯ ಕಡೆಯಿಂದ ಪೂರ್ವದ ತೇವದ ಗಾಳಿ ಬೀಸಿದಾಗ ಈ ಭಾಗಕ್ಕೆ ಅಕಾಲದಲ್ಲೂ ಮಳೆ ಬರುತ್ತದೆ. 2021ರ ಜನವರಿಯಲ್ಲಿ ರಾಜ್ಯದ ಹಲವೆಡೆ ಹೀಗೆಯೇ ಮಳೆ ಸುರಿದು ಒಣಗಲು ಹರಡಿದ್ದ ಕಾಫಿ ಹಾಳಾಯಿತು. 2024ರ ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಪ್ರಭಾವ ಚಾಮರಾಜನಗರದವರೆಗೂ ಮಳೆ ತಂದಿತ್ತು.

ಇದರ ಜೊತೆಗೆ ಚಳಿಗಾಲದ ಬಾಲವೇ ಚಿಕ್ಕದಾಗುತ್ತಿದೆ. ಭಾರತೀಯ ಹವಾಮಾನ ಇಲಾಖೆಯ 1901ರಿಂದ ಇರುವ ದಾಖಲೆಗಳಲ್ಲಿ, ದೇಶದ ಹಗಲಿನ ಸರಾಸರಿ ಉಷ್ಣತೆ ಅತಿ ಹೆಚ್ಚಿದ್ದ ಫೆಬ್ರವರಿ 2023ರದು. ಹಗಲು ರಾತ್ರಿ ಸೇರಿಸಿದ ಸರಾಸರಿಯಲ್ಲಿ ಅತಿ ಬಿಸಿಯಾದ ಫೆಬ್ರವರಿ 2025ರದು. ಇದು ಇಡೀ ದೇಶದ ಲೆಕ್ಕ, ಪ್ರತಿ ಊರಿಗೂ ಪ್ರತಿ ವರ್ಷವೂ ಹಾಗೇ ಆಗಬೇಕೆಂದಿಲ್ಲ. ಆದರೆ ಅಜ್ಜಿಯ ಕಾಲದ ಫೆಬ್ರವರಿಯನ್ನು ನಂಬಿ ಈಗ ಬೀಜ ಹಾಕುವುದು ಕಷ್ಟ ಎಂಬುದನ್ನು ಈ ಅಂಕಿಗಳು ಹೇಳುತ್ತವೆ.

ಕಾಯುತ್ತ ಕುಳಿತರೆ ಏನಾಗುತ್ತದೆ?

ಟೊಮೆಟೊ ಲೆಕ್ಕ ನೋಡಿ. ಬೀಜ ಹಾಕಿದ 25-30 ದಿನಕ್ಕೆ ಸಸಿ ನಾಟಿಗೆ ಬರುತ್ತದೆ. ನಾಟಿ ಮಾಡಿದ ಸುಮಾರು ಒಂದು ತಿಂಗಳಿಗೆ ಹೂವು. ಅಂದರೆ ಬೀಜದಿಂದ ಹೂವಿಗೆ ಎರಡು ತಿಂಗಳು. ಸಂಕ್ರಾಂತಿಯ ಹೊತ್ತಿಗೆ ಬೀಜ ಹಾಕಿದವರ ಗಿಡ ಮಾರ್ಚ್ ಮಧ್ಯಕ್ಕೆ ಹೂ ಬಿಡುತ್ತದೆ. ಫೆಬ್ರವರಿ 15ಕ್ಕೆ ಹಾಕಿದವರದು ಏಪ್ರಿಲ್ ಮಧ್ಯಕ್ಕೆ. ಹಗಲು 34-35 ಡಿಗ್ರಿ ದಾಟಿ, ರಾತ್ರಿಯೂ 21-22ಕ್ಕಿಂತ ಕೆಳಗಿಳಿಯದಿದ್ದರೆ ಟೊಮೆಟೊ ಹೂವಿನ ಪರಾಗ ದುರ್ಬಲವಾಗುತ್ತದೆ, ಹೂವು ಕಾಯಿ ಕಚ್ಚದೆ ಉದುರುತ್ತದೆ. "ಗಿಡ ಚೆನ್ನಾಗಿದೆ, ಹೂವೆಲ್ಲ ಉದುರುತ್ತಿದೆ, ಯಾವ ಔಷಧಿ ಹೊಡೆಯಲಿ" ಎಂಬ ಏಪ್ರಿಲ್ ತಿಂಗಳ ಪ್ರಶ್ನೆಯ ಮೂಲ ಎಷ್ಟೋ ಸಲ ಫೆಬ್ರವರಿಯ ಕಾಯುವಿಕೆಯಲ್ಲಿರುತ್ತದೆ. ಅದಕ್ಕೆ ಔಷಧಿ ಇಲ್ಲ.

ಫೆಬ್ರವರಿಯಲ್ಲೇ ಟೊಮೆಟೊ ಬೇಕೆಂದರೆ ಬೀಜ ಹಾಕುವ ಬದಲು ನರ್ಸರಿಯಿಂದ ತಿಂಗಳ ಸಸಿ ತಂದು ನೆಡಿ, ಒಂದು ತಿಂಗಳು ಉಳಿಯುತ್ತದೆ. ಇಲ್ಲವಾದರೆ ಮುಂಗಾರಿನವರೆಗೆ ಬಿಟ್ಟುಬಿಡಿ. ಬೇಸಿಗೆಯಲ್ಲಿ ಬಿಳಿನೊಣ ಹೆಚ್ಚುತ್ತದೆ, ಅದು ಎಲೆ ಮುದುಡುವ ನಂಜುರೋಗವನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ನಂಜುರೋಗವನ್ನೂ ಇನ್ನೆರಡು ರೋಗಗಳನ್ನೂ ತಡೆದುಕೊಳ್ಳಲೆಂದೇ ಬೆಳೆಸಿದ್ದು.

ಅವರೆಯ ಕತೆ ಇನ್ನೂ ಸ್ವಾರಸ್ಯ. ಸೊಗಡಿನ ನಾಟಿ ಅವರೆ ಹೂ ಬಿಡುವುದು ಹಗಲು ಚಿಕ್ಕದಾದಾಗ ಮಾತ್ರ. ನಮ್ಮ ಭಾಗದಲ್ಲಿ ಡಿಸೆಂಬರ್‌ನಲ್ಲಿ ಹಗಲು ಸುಮಾರು ಹನ್ನೊಂದೂವರೆ ಗಂಟೆ, ಜೂನ್‌ನಲ್ಲಿ ಹನ್ನೆರಡು ಮುಕ್ಕಾಲು ಗಂಟೆ. ಈ ಒಂದೂಕಾಲು ಗಂಟೆಯ ವ್ಯತ್ಯಾಸವನ್ನು ಗಿಡ ಗುರುತಿಸುತ್ತದೆ. ಫೆಬ್ರವರಿಯಲ್ಲಿ ನಾಟಿ ಅವರೆ ಹಾಕಿದರೆ ಬಳ್ಳಿ ಚಪ್ಪರ ತುಂಬುತ್ತದೆ, ಕಾಯಿ ಬರುವುದಿಲ್ಲ. ಇದಕ್ಕೆ ಗೊಬ್ಬರವೂ ದೃಷ್ಟಿಯೂ ಕಾರಣವಲ್ಲ. ಬೇಸಿಗೆಯಲ್ಲೂ ಅವರೆ ಬೇಕಾದವರಿಗೆ ಹಗಲಿನ ಉದ್ದಕ್ಕೆ ಸ್ಪಂದಿಸದ ಗಿಡ್ಡ ತಳಿಗಳಿವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ, ಹೆಸರಘಟ್ಟದ ಅರ್ಕಾ ಜಯ್, ಅರ್ಕಾ ವಿಜಯ್ ಅಂಥವು.

ಹಾಗಾದರೆ ಈಗ ಏನು ಹಾಕಬಹುದು?

ಬಿಸಿಲನ್ನು ಇಷ್ಟಪಡುವ ಬೀಜಗಳಿಗೆ ಫೆಬ್ರವರಿ ಒಳ್ಳೆಯ ಕಾಲ. ಬೆಂಡೆ, ಗೋರಿಕಾಯಿ, ಹೀರೆ, ಪಡವಲ, ಸೋರೆ, ಹಾಗಲ, ಕುಂಬಳ, ಸೌತೆ, ದಂಟು, ಕೀರೆ, ಬಸಳೆ. ಬೆಂಡೆ ಮತ್ತು ಬಳ್ಳಿ ತರಕಾರಿಗಳ ಬೀಜ ಮೊಳೆಯಲು ಮಣ್ಣು 16 ಡಿಗ್ರಿಯಾದರೂ ಬೆಚ್ಚಗಿರಬೇಕು, 30ರ ಆಸುಪಾಸಿನಲ್ಲಿ ಬೇಗ ಮೊಳೆಯುತ್ತವೆ. ಫೆಬ್ರವರಿಯ ಹಗಲಿನಲ್ಲಿ ಇಲ್ಲಿನ ಮಣ್ಣು ಈ ಮಟ್ಟವನ್ನು ಸುಲಭವಾಗಿ ದಾಟುತ್ತದೆ. ಚಳಿ ಹೆಚ್ಚಿದ್ದ ವಾರ ಹಾಕಿದರೆ ಮೊಳಕೆ ನಾಲ್ಕಾರು ದಿನ ತಡವಾಗಬಹುದು, ಅಷ್ಟೆ. ಬೆಂಡೆ ಬೀಜವನ್ನು ರಾತ್ರಿ ನೆನೆಸಿ ಬೆಳಿಗ್ಗೆ ಹಾಕಿದರೆ ಬೇಗ ಬರುತ್ತದೆ. ಫೆಬ್ರವರಿ ಮಧ್ಯದಲ್ಲಿ ಹಾಕಿದ ದಂಟಿನ ಸೊಪ್ಪು ಮಾರ್ಚ್ ಮಧ್ಯಕ್ಕೆ, ಬೆಂಡೆ ಏಪ್ರಿಲ್ ಆರಂಭಕ್ಕೆ ಅಡುಗೆಮನೆ ಸೇರುತ್ತದೆ.

ತಂಪು ಬಯಸುವ ಕೊತ್ತಂಬರಿ, ಪಾಲಕ್, ಮೆಂತ್ಯ, ಸಬ್ಬಸಿಗೆ ಇವುಗಳಿಗೆ ಕಾಲ ಮುಗಿಯುತ್ತಾ ಬಂದಿರುತ್ತದೆ. ಬಿಸಿಲು ಏರಿದರೆ ಕೊತ್ತಂಬರಿ ಎಲೆ ಬಿಡುವ ಬದಲು ಬೇಗ ಹೂವಿಗೆ ಹೋಗುತ್ತದೆ. ಹಾಕಲೇಬೇಕೆಂದರೆ ನುಗ್ಗೆ ಮರದ ಅಥವಾ ಗೋಡೆಯ ಪೂರ್ವ ಬದಿಯಲ್ಲಿ, ಮಧ್ಯಾಹ್ನದ ನಂತರ ನೆರಳು ಬೀಳುವ ಕಡೆ, ಸಣ್ಣ ಮಡಿಯಲ್ಲಿ ಹಾಕಿ. ಎಲ್ಲ ಬೀಜವನ್ನೂ ಒಂದೇ ದಿನ ಸುರಿಯಬೇಡಿ. ಹತ್ತು ದಿನಕ್ಕೊಮ್ಮೆ ಮೂರು ಕಂತಾಗಿ ಹಾಕಿದರೆ ಒಂದು ಕಂತು ಮಳೆಗೋ ಬಿಸಿಲಿಗೋ ಹೋದರೂ ಇನ್ನೆರಡು ಉಳಿಯುತ್ತವೆ. ಹೇಳಲಾಗದ ಹವೆಗೆ ಇದಕ್ಕಿಂತ ಅಗ್ಗದ ವಿಮೆ ಇಲ್ಲ.

ಏರು ಮಡಿಯೋ, ತಗ್ಗು ಮಡಿಯೋ?

"ತರಕಾರಿಗೆ ಏರು ಮಡಿಯೇ ಶ್ರೇಷ್ಠ" ಎನ್ನುವ ಚಿತ್ರಗಳು ಬಹಳ ಓಡಾಡುತ್ತವೆ. ಏರು ಮಡಿ ಮಳೆ ಹೆಚ್ಚಿರುವ ಕಡೆಗೆ, ನಮ್ಮಲ್ಲಾದರೆ ಮಳೆಗಾಲಕ್ಕೆ ಸರಿ. ನೀರು ಬೇಗ ಬಸಿಯಲಿ ಎಂಬುದೇ ಅದರ ಉದ್ದೇಶ. ಬೇಸಿಗೆಗೆ ಹೊರಟಾಗ ನಮಗೆ ಬೇಕಾದದ್ದು ತದ್ವಿರುದ್ಧ. ನಾಲ್ಕು ಬೆರಳು ತಗ್ಗಿನ ಮಡಿ ಮಾಡಿ ಸುತ್ತ ಬದು ಕಟ್ಟಿದರೆ ನೀರು ಅಲ್ಲೇ ಇಂಗುತ್ತದೆ. ಅಕಾಲದ ಮಳೆ ಜೋರಾದರೆ ನೀರು ಹೊರಹೋಗಲು ಒಂದು ಮೂಲೆಯಲ್ಲಿ ಬದು ಕಡಿದು ಬಿಟ್ಟರೆ ಸಾಕು.

ಮಳೆಯಾದ ಮರುದಿನವೇ ಗುದ್ದಲಿ ಹಿಡಿಯಬೇಡಿ. ಎರೆಮಣ್ಣು ಇರುವ ಹಿತ್ತಲಾದರೆ ಇನ್ನೂ ಎಚ್ಚರ. ಒಂದು ಹಿಡಿ ಮಣ್ಣು ಹಿಸುಕಿ ಉಂಡೆ ಮಾಡಿ, ಬೆರಳಿನಿಂದ ತಟ್ಟಿ. ಉಂಡೆ ಪುಡಿಯಾದರೆ ಅಗೆಯಬಹುದು. ಜಿಗುಟಾಗಿ ಹಾಗೇ ಉಳಿದರೆ ಎರಡು ದಿನ ಬಿಡಿ. ಹಸಿ ಎರೆಮಣ್ಣನ್ನು ಅಗೆದರೆ ಒಣಗಿದ ಮೇಲೆ ಇಟ್ಟಿಗೆಯಂಥ ಹೆಂಟೆಗಳಾಗುತ್ತವೆ, ಬೇರು ಇಳಿಯುವುದಿಲ್ಲ.

ಗೊಬ್ಬರದ ವಿಷಯದಲ್ಲಿ ಕುದೇರಿನವರು ಅದೃಷ್ಟವಂತರು. ಚಾಮರಾಜನಗರ ಜಿಲ್ಲಾ ಹಾಲು ಒಕ್ಕೂಟದ ಡೇರಿ ಇರುವ ಊರು ಇದು, ಸುತ್ತಮುತ್ತ ದನ ಕಟ್ಟಿದ ಮನೆಗಳಿಗೆ ಕೊರತೆಯಿಲ್ಲ. ಆದರೆ "ಹಸಿ ಸಗಣಿಯಲ್ಲಿ ಸಾರ ಹೆಚ್ಚು" ಎಂಬ ಫಾರ್ವರ್ಡ್ ನಂಬಿ ಹಸಿ ಸಗಣಿಯನ್ನು ಸೊಪ್ಪಿನ ಮಡಿಗೆ ಸುರಿಯಬಾರದು. ಅದು ಮಣ್ಣಲ್ಲಿ ಕೊಳೆಯುವಾಗ ಎಳೆ ಬೇರು ಸುಡುತ್ತದೆ, ಗೊಣ್ಣೆ ಹುಳ ಕರೆಯುತ್ತದೆ, ಕಳೆಬೀಜ ತರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಸಗಣಿಯಲ್ಲಿರುವ ಈ. ಕೊಲೈ ಮೊದಲಾದ ರೋಗಾಣುಗಳು ಹಸಿಯಾಗಿ ತಿನ್ನುವ ಕೊತ್ತಂಬರಿ, ಸೌತೆಗೆ ಅಂಟಬಹುದು. ಅಮೆರಿಕದ ಸಾವಯವ ನಿಯಮದ ಪ್ರಕಾರ, ಮಣ್ಣಿಗೆ ತಾಗುವ ಬೆಳೆಗೆ ಹಸಿ ಸಗಣಿ ಹಾಕಿದರೆ ಕೊಯ್ಲಿಗೆ 120 ದಿನ ಅಂತರವಿರಬೇಕು. ನಮ್ಮ ಸೊಪ್ಪು ಬರುವುದೇ 30 ದಿನಕ್ಕೆ. ತಿಪ್ಪೆಯಲ್ಲಿ ಆರು ತಿಂಗಳು ಕಳಿತು, ವಾಸನೆ ಹೋಗಿ, ಕೈಯಲ್ಲಿ ಪುಡಿಯಾಗುವ ಗೊಬ್ಬರವೇ ಸರಿ.

ಒಲೆಯ ಬೂದಿಯಲ್ಲಿ ಪೊಟ್ಯಾಶ್ ಇರುವುದು ನಿಜ. ಆದರೆ ಅದು ಕ್ಷಾರ. ಸುಣ್ಣದ ಅಂಶ ಹೆಚ್ಚಿರುವ ಎರೆಮಣ್ಣಿಗೆ ಬೂದಿ ಸುರಿದರೆ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಎಳೆ ಎಲೆಗಳು ಹಳದಿಯಾಗುತ್ತವೆ. ಮಣ್ಣು ಪರೀಕ್ಷೆ ಮಾಡಿಸದೆ ಬೂದಿ, ಸುಣ್ಣ ಎರಡೂ ಬೇಡ.

ಮಧ್ಯಾಹ್ನದ ನೀರು ಎಲೆ ಸುಡುತ್ತದೆಯೇ?

ಇಲ್ಲ. ಹಂಗೇರಿಯ ಸಂಶೋಧಕರು ಇದನ್ನೇ ಪರೀಕ್ಷಿಸಿ 2010ರಲ್ಲಿ ವರದಿ ಪ್ರಕಟಿಸಿದರು. ನುಣುಪಾದ ಎಲೆಯ ಮೇಲೆ ಹನಿ ಚಪ್ಪಟೆಯಾಗಿ ಕೂರುತ್ತದೆ, ಬೆಳಕು ಕೇಂದ್ರೀಕರಿಸುವ ಬಿಂದು ಎಲೆಯ ಎಷ್ಟೋ ಕೆಳಗೆ ಬೀಳುತ್ತದೆ. ಜೊತೆಗೆ ನೀರೇ ಎಲೆಯನ್ನು ತಣ್ಣಗಿಡುತ್ತದೆ. ಮೇಣದಂಥ ರೋಮಗಳಿಂದ ಹನಿಯನ್ನು ಎತ್ತಿ ಹಿಡಿಯುವ ಕೆಲವು ಗಿಡಗಳಲ್ಲಿ ಮಾತ್ರ ಸುಡುವ ಸಾಧ್ಯತೆ ಕಂಡಿತು.

ಮಧ್ಯಾಹ್ನ ನೀರು ಹಾಕಬಾರದೆನ್ನಲು ಬೇರೆ ಕಾರಣವಿದೆ: ಆಗ ನೀರು ಹೆಚ್ಚು ಆವಿಯಾಗುತ್ತದೆ. ಬೆಳಿಗ್ಗೆಯೇ ಉತ್ತಮ. ಆದರೆ ನಿಮ್ಮ ಬೀದಿಗೆ ನಲ್ಲಿ ನೀರು ಬರುವುದೇ ಮಧ್ಯಾಹ್ನವಾದರೆ, ಬಾಡಿದ ಗಿಡವನ್ನು ನಾಳೆ ಬೆಳಗಿನವರೆಗೆ ಬಾಡಲು ಬಿಡಬೇಕಿಲ್ಲ. ಬುಡಕ್ಕೆ ಧಾರಾಳವಾಗಿ ಹಾಕಿ.

ಇನ್ನೊಂದು ಸಾಮಾನ್ಯ ಭ್ರಮೆ: "ನಿನ್ನೆ ಮಳೆ ಬಂತಲ್ಲ, ಇವತ್ತು ನೀರು ಬೇಡ." ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಧೂಳು ಅಡಗಿಸಿ ಹೋಗುವ ಎರಡು ಮೂರು ಮಿಲಿಮೀಟರ್ ಮಳೆ ಮಾರ್ಚ್ ಬಿಸಿಲಿಗೆ ಒಂದು ದಿನಕ್ಕೂ ಸಾಲದು. ಬೆರಳನ್ನು ಎರಡು ಗೆಣ್ಣು ಮಣ್ಣೊಳಗೆ ಇಳಿಸಿ ನೋಡಿ. ತುದಿಗೆ ತೇವ ತಗುಲಿದರೆ ಬೇಡ, ಒಣಗಿದ್ದರೆ ಹಾಕಿ. ಮೇಲೆ ಕಬ್ಬಿನ ತರಗು, ಒಣಹುಲ್ಲು ಅಥವಾ ತೆಂಗಿನ ಗರಿ ಹರಡಿದರೆ ಅದೇ ನೀರು ಇನ್ನಷ್ಟು ದಿನ ನಿಲ್ಲುತ್ತದೆ. ಕಬಿನಿ ನೀರಿನಿಂದ ಕೆರೆ ತುಂಬಿಸುವ ಯೋಜನೆಗಳು ಬಂದ ಮೇಲೂ ಈ ಭಾಗ ಬೇಸಿಗೆಯಲ್ಲಿ ಕೊಳವೆಬಾವಿಯನ್ನೇ ನಂಬಿದೆ. ಹಿತ್ತಲಲ್ಲಿ ಉಳಿಸಿದ ಒಂದೊಂದು ಕೊಡವೂ ಲೆಕ್ಕಕ್ಕೆ ಬರುತ್ತದೆ. ಬಚ್ಚಲು ನೀರನ್ನು ಬಾಳೆ, ತೆಂಗಿಗೆ ಬಿಡಿ. ಸೋಪು ನೀರು ಸೊಪ್ಪಿನ ಮಡಿಗೆ ಬೇಡ.

ಔಷಧಿಯ ಫಾರ್ವರ್ಡ್‌ಗಳು

ಹಾಲಿನ ಫಾರ್ವರ್ಡ್‌ನಲ್ಲಿ ಹುರುಳಿದೆ. ತಂಪು ರಾತ್ರಿ, ಒಣ ಹಗಲು ಇರುವ ಈ ಕಾಲದಲ್ಲಿ ಕುಂಬಳ, ಸೌತೆಯ ಎಲೆ ಮೇಲೆ ಬಿಳಿ ಪುಡಿ ಉದುರಿಸಿದಂತೆ ಬೂದಿ ರೋಗ ಬರುತ್ತದೆ. ಬ್ರೆಜಿಲ್‌ನ ವಿಜ್ಞಾನಿ ವಾಗ್ನರ್ ಬೆಟಿಯೋಲ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಸುವಿನ ಹಾಲನ್ನು ನೀರಿನಲ್ಲಿ ಬೆರೆಸಿ ಕುಂಬಳದ ಜಾತಿಯ ಗಿಡಕ್ಕೆ ಸಿಂಪಡಿಸಿದಾಗ ಈ ರೋಗ ಹತೋಟಿಗೆ ಬಂತು. ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು ಬೆರೆಸಿ, ರೋಗ ಕಂಡ ಕೂಡಲೇ ಬೆಳಗಿನ ಹೊತ್ತು ವಾರಕ್ಕೊಮ್ಮೆ ಎರಡು ಬಾರಿ ಹೊಡೆಯಬಹುದು. ಆದರೆ ಇದು ಬೂದಿ ರೋಗಕ್ಕೆ ಮಾತ್ರ. "ಎಲ್ಲ ರೋಗಕ್ಕೂ ಹಾಲು" ಎನ್ನುವುದು ಸುಳ್ಳು.

ಎಪ್ಸಂ ಸಾಲ್ಟ್ ಎಂದರೆ ಮೆಗ್ನೀಸಿಯಂ ಸಲ್ಫೇಟ್. ಮಣ್ಣಿನಲ್ಲಿ ಮೆಗ್ನೀಸಿಯಂ ಕೊರತೆ ಇದ್ದರೆ ಮಾತ್ರ ಅದರಿಂದ ಉಪಯೋಗ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆಯುವುದಕ್ಕೆ ಇದನ್ನು ಹಾಕಿದರೆ ತೊಂದರೆ ಹೆಚ್ಚಬಹುದು. ಆ ಕೊಳೆ ಬರುವುದು ಕಾಯಿಗೆ ಸುಣ್ಣದ ಅಂಶ ತಲುಪದೆ, ಹೆಚ್ಚಾದ ಮೆಗ್ನೀಸಿಯಂ ಅದನ್ನು ಬೇರಿನಲ್ಲೇ ಅಡ್ಡಗಟ್ಟುತ್ತದೆ. ಮೊಟ್ಟೆ ಚಿಪ್ಪಿನ ಚೂರುಗಳೂ ಕ್ಷಾರ ಮಣ್ಣಿನಲ್ಲಿ ಈ ಬೆಳೆಗೆ ಆಗುವಷ್ಟು ಬೇಗ ಕರಗುವುದಿಲ್ಲ. ಸುಣ್ಣದ ಅಂಶ ನೀರಿನೊಂದಿಗೇ ಕಾಯಿಗೆ ಏರುವುದರಿಂದ, ಒಂದು ದಿನ ಒಣಗಿಸಿ ಇನ್ನೊಂದು ದಿನ ಮುಳುಗಿಸುವುದನ್ನು ಬಿಟ್ಟು ಸಮನಾಗಿ ನೀರು ಕೊಡುವುದೇ ಮದ್ದು.

ಅಡುಗೆ ಉಪ್ಪಿನ ನೀರನ್ನು ಕೀಟಕ್ಕೆ ಹೊಡೆಯುವುದಂತೂ ಬೇಡವೇ ಬೇಡ. ಕೀಟ ಸಾಯಲಿ ಬಿಡಲಿ, ಮಡಿಯಲ್ಲಿ ಉಳಿದ ಉಪ್ಪು ಮುಂದಿನ ಬೆಳೆಯನ್ನೂ ಕಾಡುತ್ತದೆ. ಬಿಳಿನೊಣ, ಹೇನಿಗೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆ, ಬೆರೆಯಲು ಚೂರು ಸೋಪು, ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ. ಹಳದಿ ಅಂಟುಕಾರ್ಡ್ ತೂಗುಹಾಕಿ. ಹೊಲಕ್ಕೆ ತಂದ ಕೀಟನಾಶಕದಲ್ಲಿ ಉಳಿದದ್ದನ್ನು ಹಿತ್ತಲ ಸೊಪ್ಪಿಗೆ ಹೊಡೆಯುವ ಅಭ್ಯಾಸ ಅಪಾಯಕಾರಿ. ಸೊಪ್ಪನ್ನು ಕಿತ್ತ ದಿನವೇ ತಿನ್ನುತ್ತೇವೆ, ವಿಷ ಕಳೆಯಲು ಅದಕ್ಕೆ ಸಮಯವೇ ಇರುವುದಿಲ್ಲ.

ಅಮಾವಾಸ್ಯೆ, ಹುಣ್ಣಿಮೆ ನೋಡಬೇಕೇ?

ಚಂದ್ರನ ಕಲೆಗೂ ಬೀಜ ಮೊಳೆಯುವುದಕ್ಕೂ ಸಂಬಂಧವಿದೆಯೇ ಎಂದು ಅದುವರೆಗೆ ನಡೆದ ಅಧ್ಯಯನಗಳನ್ನು ಸ್ಪೇನ್‌ನ ವಿಜ್ಞಾನಿಗಳು 2020ರಲ್ಲಿ ಪರಿಶೀಲಿಸಿದರು. ನಂಬಬಹುದಾದ ಪುರಾವೆ ಸಿಗಲಿಲ್ಲ. ಮನೆಯ ಸಂಪ್ರದಾಯಕ್ಕಾಗಿ ದಿನ ನೋಡುವುದಾದರೆ ಗಿಡಕ್ಕೆ ಹಾನಿಯೇನಿಲ್ಲ. ಆದರೆ ಒಳ್ಳೆಯ ದಿನಕ್ಕಾಗಿ ಕಾದು, ಹದವಿದ್ದ ಮಣ್ಣು ಒಣಗಲು ಬಿಟ್ಟರೆ ನಷ್ಟ ನಿಮ್ಮದೇ.

ಯಾರನ್ನು ಕೇಳಬೇಕು?

ಹವೆಯ ವಿಷಯದಲ್ಲಿ "ಇನ್ನು 15 ದಿನ ಮಳೆ" ಎಂಬ ಆಡಿಯೊ ಕ್ಲಿಪ್‌ಗಿಂತ ಹವಾಮಾನ ಇಲಾಖೆಯ ಐದು ದಿನದ ಮುನ್ಸೂಚನೆ ಮೇಲು. 2019ರಲ್ಲಿ ಬಂದ ಮೇಘದೂತ್ ಆ್ಯಪ್‌ನಲ್ಲಿ ನಿಮ್ಮ ಜಿಲ್ಲೆಯ ಬೆಳೆ ಸಲಹೆ ವಾರಕ್ಕೆ ಎರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ. ಮಾರ್ಚ್ ನಂತರದ ಗುಡುಗು ಮಳೆಗೆ ಸಿಡಿಲಿನ ಎಚ್ಚರಿಕೆ ನೀಡುವ ದಾಮಿನಿ ಆ್ಯಪ್ ಇದೆ. ಮಣ್ಣು, ತಳಿ, ರೋಗದ ಪ್ರಶ್ನೆಗಳಿಗೆ ಚಾಮರಾಜನಗರದ ಹತ್ತಿರ ಹರದನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಹೋಬಳಿಯಲ್ಲಿ ರೈತ ಸಂಪರ್ಕ ಕೇಂದ್ರವಿದೆ. ರೋಗ ಬಿದ್ದ ಎಲೆಯ ಒಂದು ಚಿತ್ರ ತೋರಿಸಿ ಕೇಳಿದರೆ, ಹತ್ತು ಫಾರ್ವರ್ಡ್ ಓದುವ ಶ್ರಮ ಉಳಿಯುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಕೈತೋಟದ ಯಾವ ಸಂದೇಶ ಬಂದರೂ ಮೂರು ಪ್ರಶ್ನೆ ಕೇಳಿ. ಇದು ಯಾವ ಊರಿನ ಮಾತು? ಯಾವ ಬೆಳೆಯ ಮಾತು? ಯಾವ ತಿಂಗಳ ಮಾತು? ಈ ಮೂರೂ ಇಲ್ಲದ ಸಲಹೆ ಎಷ್ಟೇ ಚೆಂದದ ಚಿತ್ರ ಹೊತ್ತು ಬಂದರೂ ನಿಮ್ಮ ಹಿತ್ತಲಿಗೆ ಬರೆದದ್ದಲ್ಲ. ಮೊದಲ ಹಿಮ, ಕೊನೆಯ ಹಿಮ ಎಂಬ ಲೆಕ್ಕ ನ್ಯೂಜೆರ್ಸಿಯಲ್ಲಿ ಬಾಲ್ಕನಿ ತೋಟ ಮಾಡುವ ಮಗಳಿಗೆ ಬೇಕೇ ಬೇಕು. ಅವಳು ಅದನ್ನು ಕುದೇರಿನ ಅಮ್ಮನಿಗೆ ಕಳಿಸಿದರೆ ಅಮ್ಮ ಓದಿ ಖುಷಿಪಡಲಿ. ಆದರೆ ಬೆಂಡೆ ಬೀಜವನ್ನು ಮಾತ್ರ ಈ ರಾತ್ರಿಯೇ ನೆನೆಹಾಕಲಿ.